ಹಲ್ಲಿನಲ್ಲಿ ಹಸುರು ಮಣಿ

ಚೆಲುವೆಯ ಹಲ್ಲುಗಳನ್ನು ದಾಳಿಂಬೆಯ ಬೀಜಕ್ಕೋ ಮಲ್ಲಿಗೆಯ ಮೊಗ್ಗಿಗೋ ಹೋಲಿಸಿ ತೃಪ್ತರಾದವರು ನಮ್ಮ ಕವಿಗಳು. ಆ ಉಪಮೆಗಳನ್ನು ತರಗತಿಯಲ್ಲಿ ವಿವರಿಸುತ್ತಲೇ ನಾನು ನಿವೃತ್ತನಾದೆ. ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರಾದರೋ ಹೋಲಿಕೆಯಲ್ಲಿಯೇ ನಿಲ್ಲಲಿಲ್ಲ. ಹಲ್ಲಿನಲ್ಲಿ ನಿಜವಾದ ರತ್ನವನ್ನೇ ಕೂರಿಸಿದರು.

ಕ್ರಿ.ಶ. 250ರಿಂದ 900ರವರೆಗಿನದು ಆ ನಾಗರಿಕತೆಯ ಉಚ್ಛ್ರಾಯದ ಕಾಲ. ಇಂದಿನ ಗ್ವಾಟೆಮಾಲಾ, ಹೊಂಡುರಾಸ್, ಬೆಲೀಜ್, ಮೆಕ್ಸಿಕೋಗಳಲ್ಲಿ ಅಗೆದು ತೆಗೆದ ತಲೆಬುರುಡೆಗಳ ಮುಂಬಲ್ಲುಗಳಲ್ಲಿ ಹಸುರು ಜೇಡ್ ಶಿಲೆಯ, ಹೊಳೆಯುವ ಪೈರೈಟಿನ ದುಂಡು ಬಿಲ್ಲೆಗಳು ಇಂದಿಗೂ ಕದಲದೆ ಕುಳಿತಿವೆ. ಲೋಹದ ಉಪಕರಣವಿಲ್ಲದ ಜನ ಇದನ್ನು ಸಾಧಿಸಿದ್ದು ಹೇಗೆ? ಬೆಣಚುಕಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ, ಕೊಳವೆಯಂಥ ಬೈರಿಗೆಯನ್ನು ಹಲ್ಲಿನ ಮೇಲೆ ತಿರುಗಿಸುತ್ತಿದ್ದರೆಂದು ವಿದ್ವಾಂಸರು ಹೇಳುತ್ತಾರೆ. ಅದೂ ಬದುಕಿರುವವರ ಬಾಯಿಯಲ್ಲಿ! ಕೊರೆತ ತುಸು ಆಳವಾದರೆ ಒಳತಿರುಳಿಗೆ ತಾಗುತ್ತಿತ್ತು. ಕೀವುಗಟ್ಟಿದ ಗುರುತನ್ನು ಹೊತ್ತ ದವಡೆಗಳೂ ದೊರೆತಿವೆ. ಬಿಲ್ಲೆಯನ್ನು ಹಿಡಿದಿಟ್ಟ ಅಂಟಿನ ವಿಶ್ಲೇಷಣೆ 2022ರಲ್ಲಿ ಪ್ರಕಟವಾಯಿತು. ಅದರಲ್ಲಿ ಪೈನ್ ಮರದ ರಾಳವಿತ್ತು. ಸೋಂಕನ್ನು ತಡೆಯಬಲ್ಲ ಸಸ್ಯಾಂಶಗಳೂ ಇದ್ದವು.

ಇಷ್ಟು ನೋವನ್ನು ಸಹಿಸಿದ್ದು ಬರಿಯ ಶೋಕಿಗಾಗಿ ಎಂದು ನನಗೆ ತೋರುವುದಿಲ್ಲ. ಜೇಡ್ ಅವರಿಗೆ ಮೆಕ್ಕೆಜೋಳದ ಹಸುರು, ಉಸಿರಿನ ಸಂಕೇತ. ಸತ್ತವರ ಬಾಯಿಯಲ್ಲಿ ಜೇಡ್ ಮಣಿಯನ್ನಿಡುವ ರೂಢಿಯೂ ಇತ್ತು. ಕೆಲವರು ಹಲ್ಲನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರಕ್ಕೆ ಉಜ್ಜಿಸಿಕೊಳ್ಳುತ್ತಿದ್ದರು. ಮಾಯಾ ಲಿಪಿಯಲ್ಲಿ ಆ ಆಕೃತಿಯ ಅಕ್ಷರ ‘ಇಕ್’. ಗಾಳಿ, ಉಸಿರು, ಪ್ರಾಣ ಎಂದು ಅದರ ಅರ್ಥ. ಆಡುವ ಮಾತೆಲ್ಲ ಪ್ರಾಣದ ಬಾಗಿಲಿನಿಂದಲೇ ಹೊರಬರಲಿ ಎಂಬ ಹಂಬಲವಿದ್ದೀತೆ? ಇದು ಅರಸರ ಸೊತ್ತು ಮಾತ್ರವೂ ಆಗಿರಲಿಲ್ಲ. ಹಲ್ಲುಜ್ಜಿಸಿ ರೂಪಿಸಿಕೊಂಡವರಲ್ಲಿ ಸಾಮಾನ್ಯರೂ ಇದ್ದರು.

1562ರಲ್ಲಿ ದಿಯೆಗೋ ದೆ ಲಾಂಡಾ ಎಂಬ ಸ್ಪೇನಿನ ಪಾದ್ರಿ, ಯುಕಾಟಾನಿನ ಮಾನಿ ಎಂಬಲ್ಲಿ ಮಾಯಾ ಹೊತ್ತಗೆಗಳನ್ನು ಸುಡಿಸಿದ. ಆ ಜನಾಂಗದ ಪ್ರಾಚೀನ ಹೊತ್ತಗೆಗಳಲ್ಲಿ ಇಂದು ಉಳಿದಿರುವುದು ನಾಲ್ಕು. ವಿಚಿತ್ರವೆಂದರೆ, ಹೆಂಗಸರು ಚೆಲುವಿಗಾಗಿ ಹಲ್ಲನ್ನು ಗರಗಸದಂತೆ ಮಾಡಿಸಿಕೊಳ್ಳುತ್ತಿದ್ದರೆಂದೂ, ಮುದುಕಿಯರು ಕಲ್ಲು ನೀರುಗಳಿಂದ ಉಜ್ಜಿ ಆ ಕೆಲಸ ಮಾಡುತ್ತಿದ್ದರೆಂದೂ ಬರೆದಿಟ್ಟವನು ಅದೇ ಲಾಂಡಾ!

ಹೊತ್ತಗೆಯನ್ನೇ ನಂಬಿ ಬಾಳಿದ ನನ್ನಂಥವನಿಗೆ ಇದೊಂದು ಪಾಠ. ಓಲೆ ಸುಡುತ್ತದೆ, ಕಾಗದ ಸುಡುತ್ತದೆ. ಹೆಸರೂ ಉಳಿಯದ ಯಾವನೋ ಕುಶಲಿ ಹಲ್ಲಿನಲ್ಲಿ ಕೆತ್ತಿದ ಒಂದಕ್ಷರ ಸಾವಿರ ವರ್ಷ ಮಣ್ಣಿನಲ್ಲಿ ಕಾದಿತ್ತು. ಅದನ್ನು ಓದುವ ವಿನಯ ನಮಗಿರಲಿ.