ಹೊಲದಡಿಯ ಕೊಳವೆಮಾರ್ಗಗಳು: ಸೂಕ್ಷ್ಮ ಪ್ರದೇಶಗಳಲ್ಲಿ ಸುರಕ್ಷತಾ ನಿಯಮಗಳ ಪಾಲನೆ

ಬಾವಿಯ ಒರತೆ, ಕಾಲುವೆಯ ಸೋರಿಕೆ, ಕೆರೆಯ ಏರಿಯ ಬಿರುಕು ಇವುಗಳನ್ನು ಕಂಡ ಕೂಡಲೇ ಗುರುತಿಸುವ ತಿಳಿವಳಿಕೆ ನಮ್ಮ ರೈತರಿಗೆ ತಲತಲಾಂತರದಿಂದ ಬಂದಿರುತ್ತದೆ. ಏರಿಯಲ್ಲಿ ಇಲಿಯ ಬಿಲವೊಂದು ಕಾಣಿಸಿದರೂ ನೀರಗಂಟಿಯು ಅದನ್ನು ಊರಿನ ಹಿರಿಯರಿಗೆ ಅರಿಕೆಮಾಡುತ್ತಿದ್ದನು. ಆದರೆ ಈಚಿನ ಎರಡು ಮೂರು ದಶಕಗಳಿಂದ ಹೊಲಗಳ ಕೆಳಗೆ ಬೇರೊಂದು ಬಗೆಯ ಪ್ರವಾಹವು ಹರಿಯತೊಡಗಿರುತ್ತದೆ. ಉಕ್ಕಿನ ಕೊಳವೆಗಳೊಳಗೆ ಪೆಟ್ರೋಲು, ಡೀಸೆಲ್, ಅಡಿಗೆಯ ಅನಿಲ, ನೈಸರ್ಗಿಕ ಅನಿಲ ಇವು ಬಹಳ ಒತ್ತಡದಿಂದ ಹಗಲಿರುಳೂ ಸಾಗುತ್ತಿವೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿನ ಕಡೆಗೆ ಬರುವ ತೈಲದ ಮಾರ್ಗವು 360 ಕಿಲೋಮೀಟರಿಗೂ ಮಿಕ್ಕ ಉದ್ದವುಳ್ಳದ್ದಾಗಿ ಪಶ್ಚಿಮ ಘಟ್ಟಗಳನ್ನು ಹಾದುಬರುತ್ತದೆ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಅನಿಲವನ್ನು ತರುವ ಮಾರ್ಗವು ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಹೊಲಗಳ ಅಡಿಯಲ್ಲಿ ಹೋಗುತ್ತದೆ. ಕೊಚ್ಚಿಯಿಂದ ಮಂಗಳೂರಿಗೆ ಬರುವ ಸುಮಾರು 450 ಕಿಲೋಮೀಟರ್ ಉದ್ದದ ಅನಿಲಮಾರ್ಗವು 2021ನೆಯ ಜನವರಿಯಲ್ಲಿ ಪ್ರಾರಂಭವಾಯಿತು.

ಈ ಮಾರ್ಗಗಳಿಂದ ದೇಶಕ್ಕೆ ಉಪಕಾರವಾಗುವುದರಲ್ಲಿ ಸಂದೇಹವಿಲ್ಲ. ಸಾವಿರಾರು ಟ್ಯಾಂಕರ್ ಲಾರಿಗಳು ರಸ್ತೆಯಲ್ಲಿ ಓಡುವುದು ತಪ್ಪುತ್ತದೆ. ಸಾಗಣೆಯ ವೆಚ್ಚವೂ ಕಡಿಮೆಯಾಗುತ್ತದೆ. ಆದರೆ ಕೊಳವೆಯು ಒಡೆದಲ್ಲಿ ಆಗುವ ಅನಾಹುತವು ಲಾರಿಯ ಅಪಘಾತಕ್ಕಿಂತ ಎಷ್ಟೋ ಪಾಲು ದೊಡ್ಡದು. ಆದುದರಿಂದ ಇಂತಹ ಮಾರ್ಗಗಳಿಗೆ ಸರ್ಕಾರವು ವಿಧಿಸಿರುವ ನಿಯಮಗಳೇನು, ಅವು ಎಲ್ಲಿ ಹೆಚ್ಚು ಬಿಗಿಯಾಗಿರಬೇಕು, ಅವು ಪಾಲನೆಯಾಗದೆ ಹೋದಾಗ ಏನಾಗಿರುತ್ತದೆ ಎಂಬುದನ್ನು ಪ್ರತಿಯೊಬ್ಬ ಹಿಡುವಳಿದಾರನೂ ತಿಳಿದಿರುವುದು ಅವಶ್ಯಕ.

ನಗರಂ ಗ್ರಾಮದ ದುರಂತ

ಆಂಧ್ರಪ್ರದೇಶದ ಕೋನಸೀಮೆಯು ಗೋದಾವರಿಯ ಮುಖಜ ಭೂಮಿ. ತೆಂಗು ಮತ್ತು ಭತ್ತಕ್ಕೆ ಹೆಸರಾದ ಸೀಮೆ. ಅಲ್ಲಿನ ನಗರಂ ಎಂಬ ಗ್ರಾಮದಲ್ಲಿ 2014ನೆಯ ಜೂನ್ 27ರ ಬೆಳಗಿನ ಜಾವ 18 ಅಂಗುಲ ವ್ಯಾಸದ ಅನಿಲದ ಕೊಳವೆಯೊಂದು ಒಡೆದು ಬೆಂಕಿ ಹತ್ತಿಕೊಂಡಿತು. ಇಪ್ಪತ್ತಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಅನೇಕರು ಎಚ್ಚರಗೊಳ್ಳುವಷ್ಟರಲ್ಲಿಯೇ ಬೆಂಕಿಯ ಮಧ್ಯೆ ಸಿಕ್ಕಿಬಿದ್ದಿದ್ದರು. ಮನೆಗಳು, ಅಂಗಡಿಗಳು, ದನಕರುಗಳು ಮಾತ್ರವಲ್ಲದೆ ಸುತ್ತಲಿನ ತೆಂಗಿನ ಮರಗಳೂ ಸುಟ್ಟು ಕರಿಕಾದವು. ಫಲಕ್ಕೆ ಬಂದ ತೆಂಗಿನ ತೋಟವನ್ನು ಮತ್ತೆ ಎಬ್ಬಿಸಲು ಎಷ್ಟು ವರ್ಷಗಳು ಬೇಕೆಂಬುದನ್ನು ತೋಟಗಾರರಿಗೆ ವಿವರಿಸಬೇಕಾಗಿಲ್ಲ.

ಈ ಅನಾಹುತಕ್ಕೆ ಮೂಲಕಾರಣವು ತುಕ್ಕು. ಒಣ ಅನಿಲವನ್ನು ಸಾಗಿಸಬೇಕಾಗಿದ್ದ ಕೊಳವೆಯಲ್ಲಿ ತೇವಾಂಶದಿಂದ ಕೂಡಿದ ಅನಿಲವು ಹರಿಯುತ್ತಿದ್ದಿತು. ಆ ನೀರು ಕೊಳವೆಯ ತಳದಲ್ಲಿ ನಿಂತು, ಒಳಗಿನಿಂದ ಉಕ್ಕನ್ನು ತಿನ್ನುತ್ತಾ ಬಂದಿತು. ಹೊರಗೆ ನಿಂತು ನೋಡುವವನಿಗೆ ಇದು ಕಾಣುವಂತಹುದಲ್ಲ. ಒಣ ಅನಿಲವನ್ನೇ ಬಿಡತಕ್ಕದ್ದೆಂಬುದು ಗೊತ್ತಿದ್ದ ಸಂಗತಿ; ಅದನ್ನು ಕಾಲಕಾಲಕ್ಕೆ ಪರೀಕ್ಷಿಸಿ ಪಾಲಿಸುವ ಶ್ರದ್ಧೆಯು ಮಾತ್ರ ಇಲ್ಲದೆ ಹೋಯಿತು.

ನಮ್ಮ ದೇಶದ ನಿಯಮಗಳು

ಕೊಳವೆಮಾರ್ಗಕ್ಕಾಗಿ ಭೂಮಿಯನ್ನು ಬಳಸಿಕೊಳ್ಳುವ ವಿಚಾರಕ್ಕೆ 1962ನೆಯ ಇಸವಿಯ ಶಾಸನವೊಂದಿದೆ. ಇದರ ಪ್ರಕಾರ ಭೂಮಿಯ ಒಡೆತನವು ರೈತನಲ್ಲಿಯೇ ಉಳಿಯುತ್ತದೆ. ಕೊಳವೆಯನ್ನು ಹೂಳುವ ಮತ್ತು ನೋಡಿಕೊಳ್ಳುವ ಬಳಕೆಯ ಹಕ್ಕು ಮಾತ್ರ ಸರ್ಕಾರಕ್ಕೆ ಅಥವಾ ಅದು ಸೂಚಿಸಿದ ಸಂಸ್ಥೆಗೆ ಸೇರುತ್ತದೆ. ಗೆಜೆಟ್ಟಿನಲ್ಲಿ ಪ್ರಕಟಣೆಯಾದ 21 ದಿನಗಳೊಳಗಾಗಿ ರೈತನು ತನ್ನ ಆಕ್ಷೇಪಣೆಯನ್ನು ಸಕ್ಷಮ ಅಧಿಕಾರಿಗೆ ಲಿಖಿತವಾಗಿ ಸಲ್ಲಿಸಬಹುದು. ವಾಸದ ಮನೆಯುಳ್ಳ ಅಥವಾ ಮನೆಗೆ ಸೇರಿದ ಜಾಗದ ಕೆಳಗಾಗಲಿ, ಶಾಶ್ವತ ಕಟ್ಟಡವಿರುವ ಜಾಗದ ಕೆಳಗಾಗಲಿ ಕೊಳವೆಯನ್ನು ಹೂಳತಕ್ಕದ್ದಲ್ಲ. ನೆಲದ ಮಟ್ಟದಿಂದ ಒಂದು ಮೀಟರಿಗಿಂತ ಕಡಿಮೆ ಆಳದಲ್ಲಿಯೂ ಹೂಳತಕ್ಕದ್ದಲ್ಲ. ಕೆಲಸದ ಕಾಲದಲ್ಲಿ ಆಗುವ ಬೆಳೆ, ಮರಗಳ ನಷ್ಟಕ್ಕೆ ಪರಿಹಾರ ಸಲ್ಲತಕ್ಕದ್ದಲ್ಲದೆ, ಆ ಪಟ್ಟಿಯ ಭೂಮಿಯ ಮಾರುಕಟ್ಟೆಯ ಬೆಲೆಯಲ್ಲಿ ನೂರಕ್ಕೆ ಹತ್ತರಷ್ಟನ್ನು ಬಳಕೆಯ ಹಕ್ಕಿಗಾಗಿ ಕೊಡಬೇಕೆಂದು ಶಾಸನವು ಹೇಳುತ್ತದೆ. ಗೊತ್ತುಮಾಡಿದ ಪರಿಹಾರವು ಒಪ್ಪಿಗೆಯಾಗದಿದ್ದಲ್ಲಿ ಜಿಲ್ಲಾ ನ್ಯಾಯಾಧೀಶರ ಮುಂದೆ ಅಹವಾಲು ಮಾಡಿಕೊಳ್ಳಬಹುದು.

ರೈತನ ಮೇಲೂ ಕಟ್ಟುಪಾಡುಗಳುಂಟು. ಆ ಪಟ್ಟಿಯಲ್ಲಿ ಆತನು ಎಂದಿನಂತೆ ಪೈರು ಬೆಳೆಯಬಹುದು. ಆದರೆ ಕಟ್ಟಡವನ್ನು ಕಟ್ಟಕೂಡದು, ಬಾವಿ, ಕೆರೆ, ಹೊಂಡಗಳನ್ನು ತೋಡಕೂಡದು, ಮರಗಳನ್ನು ನೆಡಕೂಡದು.

ಕೊಳವೆಯ ಗಟ್ಟಿತನ ಮತ್ತು ಅದರ ಪಾಲನೆಯ ವಿಚಾರವು 2006ನೆಯ ಇಸವಿಯ ಶಾಸನದಂತೆ ಏರ್ಪಟ್ಟ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಗೆ ಸೇರಿದ್ದು. ಅನಿಲದ ಕೊಳವೆಗಳ ರಚನೆ ಹಾಗೂ ಸುರಕ್ಷತೆಗೆ ಈ ಮಂಡಳಿಯು 2009ರಲ್ಲಿಯೂ, ಅವುಗಳನ್ನು ಆಯುಷ್ಯದುದ್ದಕ್ಕೂ ಸುಸ್ಥಿತಿಯಲ್ಲಿಡುವ ಕ್ರಮಕ್ಕೆ 2012ರಲ್ಲಿಯೂ ನಿಯಮಾವಳಿಗಳನ್ನು ಹೊರಡಿಸಿತು. ಇವುಗಳಲ್ಲಿ ಮುಖ್ಯವಾದದ್ದು ಪ್ರದೇಶಗಳ ವರ್ಗೀಕರಣ. ಕೊಳವೆಯ ಇಕ್ಕೆಲಗಳಲ್ಲಿ ನಿರ್ದಿಷ್ಟ ವಿಸ್ತೀರ್ಣದೊಳಗೆ ಇರುವ ವಾಸದ ಮನೆಗಳನ್ನು ಎಣಿಸಿ, ಆ ಪ್ರದೇಶವನ್ನು ನಾಲ್ಕು ವರ್ಗಗಳಲ್ಲಿ ಒಂದಕ್ಕೆ ಸೇರಿಸುವರು. ಬಯಲು ಹೊಲಗಳಿರುವ ಕಡೆ ಉಕ್ಕಿನ ತಡೆಯುವ ಶಕ್ತಿಯಲ್ಲಿ ನೂರಕ್ಕೆ 72ರಷ್ಟರವರೆಗೆ ಒತ್ತಡಕ್ಕೆ ಅವಕಾಶವಿದ್ದರೆ, ಬಹುಮಹಡಿ ಕಟ್ಟಡಗಳಿರುವ ಕಡೆ ನೂರಕ್ಕೆ 40ರಷ್ಟಕ್ಕೆ ಮಾತ್ರ ಅವಕಾಶವಿರುತ್ತದೆ. ಅಂದರೆ ಜನವಸತಿಯು ಹೆಚ್ಚಿದಂತೆ ಕೊಳವೆಯ ಗೋಡೆಯು ದಪ್ಪವಾಗಬೇಕು, ಇಲ್ಲವೇ ಒತ್ತಡವು ತಗ್ಗಬೇಕು.

ಈ ವರ್ಗೀಕರಣವು ಒಮ್ಮೆ ಮಾಡಿ ಮುಗಿಸುವಂತಹುದಲ್ಲ. ಹತ್ತು ವರ್ಷಗಳ ಹಿಂದೆ ರಾಗಿಯ ಹೊಲವಾಗಿದ್ದ ಜಾಗವು ಇಂದು ನಿವೇಶನಗಳ ಬಡಾವಣೆಯಾಗಿರಬಹುದು. ಮನೆಗಳು ಎದ್ದರೂ ಕೊಳವೆಯು ಹಳೆಯ ವರ್ಗದಲ್ಲಿಯೇ ಉಳಿದಲ್ಲಿ, ನಿಯಮವು ಕಾಗದದ ಮೇಲೆ ಪಾಲನೆಯಾಗಿದ್ದು ನೆಲದ ಮೇಲೆ ಮುರಿದುಬಿದ್ದಿರುತ್ತದೆ. ಹೊಸ ಎಣಿಕೆಯನ್ನು ಸಂಸ್ಥೆಯಿಂದ ಮಾಡಿಸಿ, ಅದರಂತೆ ಕ್ರಮ ಜರುಗಿದೆಯೇ ಎಂದು ನೋಡುವುದೇ ಮೇಲ್ವಿಚಾರಣೆಯ ತಿರುಳು.

ಅಮೆರಿಕದ ಅನುಭವ

ನಮಗಿಂತ ಬಹಳ ಮುಂಚಿನಿಂದ ಕೊಳವೆಮಾರ್ಗಗಳನ್ನು ಹಾಕಿಕೊಂಡು ಬಂದ ಅಮೆರಿಕ ಸಂಯುಕ್ತ ಸಂಸ್ಥಾನದ ಅನುಭವವು ಇಲ್ಲಿ ಬೋಧಪ್ರದವಾಗಿದೆ. ವಾಷಿಂಗ್ಟನ್ ಸಂಸ್ಥಾನದ ಬೆಲಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1999ನೆಯ ಜೂನ್ 10ರಂದು ಪೆಟ್ರೋಲಿನ ಕೊಳವೆಯೊಂದು ಒಡೆದು, ಸುಮಾರು 9 ಲಕ್ಷ ಲೀಟರ್ ಪೆಟ್ರೋಲು ಹಳ್ಳವೊಂದಕ್ಕೆ ಹರಿದು ಹೊತ್ತಿಕೊಂಡಿತು. ಹತ್ತು ವರ್ಷದ ಇಬ್ಬರು ಬಾಲಕರೂ ಹದಿನೆಂಟು ವರ್ಷದ ಯುವಕನೊಬ್ಬನೂ ಮೃತರಾದರು. ಕೆಲವು ವರ್ಷಗಳ ಹಿಂದೆ ಆ ಸ್ಥಳದಲ್ಲಿ ಬೇರೊಂದು ಕೆಲಸಕ್ಕಾಗಿ ನೆಲವನ್ನು ಅಗೆದಾಗ ಯಂತ್ರವು ಕೊಳವೆಗೆ ತಗುಲಿ ಗಾಯವಾಗಿದ್ದುದೂ, ಅದನ್ನು ಅಗೆದು ಪರೀಕ್ಷಿಸದೆ ಬಿಟ್ಟಿದ್ದುದೂ ವಿಚಾರಣೆಯಿಂದ ಹೊರಬಿದ್ದಿತು.

2000ನೆಯ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರವು ತೈಲದ ಮಾರ್ಗಗಳಿಗೆ ಹೊಸ ನಿಯಮಗಳನ್ನು ಹೊರಡಿಸಿತು. ಜನಭರಿತ ಸ್ಥಳಗಳು, ನೌಕಾಸಂಚಾರದ ನದಿಗಳು, ಕುಡಿಯುವ ನೀರಿನ ಮೂಲಗಳು, ಅಳಿವಿನಂಚಿನ ಪ್ರಾಣಿ ಮತ್ತು ಸಸ್ಯಗಳ ನೆಲೆಗಳು ಇವುಗಳನ್ನು ಸೂಕ್ಷ್ಮ ಪ್ರದೇಶಗಳೆಂದು ನಕ್ಷೆಯಲ್ಲಿ ಗುರುತಿಸಲಾಯಿತು. ಸೋರಿಕೆಯು ತಲುಪಬಹುದಾದ ಅಂತಹ ಕಡೆಗಳಲ್ಲಿ ಹೆಚ್ಚೆಂದರೆ ಐದು ವರ್ಷಗಳಿಗೊಮ್ಮೆ ಕೊಳವೆಯನ್ನು ಪರೀಕ್ಷಿಸಬೇಕು. ಕೆಲಸಗಾರರು ‘ಪಿಗ್’ ಎಂದು ಕರೆಯುವ ಯಂತ್ರವನ್ನು ಕೊಳವೆಯೊಳಗೆ ಓಡಿಸಿ ಗೋಡೆಯ ದಪ್ಪ, ತುಕ್ಕು, ತಗ್ಗುಗಳನ್ನು ಅಳೆಯುವರು. ಗೋಡೆಯ ದಪ್ಪದಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಸವೆದಿದ್ದರೆ ತತ್‌ಕ್ಷಣವೇ ಒತ್ತಡವನ್ನು ಇಳಿಸಿ ದುರಸ್ತಿ ಮಾಡತಕ್ಕದ್ದು. ಇತರ ದೋಷಗಳಿಗೆ ಅವುಗಳ ಸ್ವರೂಪವನ್ನನುಸರಿಸಿ 60 ದಿನ, 180 ದಿನಗಳ ಗಡುವುಗಳಿರುತ್ತವೆ.

ರೈತರು ಗಮನಿಸಬೇಕಾದ ಒಂದು ಅಂಶವಿದೆ. ಈ ಪಟ್ಟಿಯಲ್ಲಿ ಸಾಗುವಳಿಯ ಭೂಮಿಗೆ, ಅದು ಸಾಗುವಳಿಯ ಭೂಮಿ ಎಂಬ ಒಂದೇ ಕಾರಣದಿಂದ, ಸ್ಥಾನವಿಲ್ಲ. ಸೂಕ್ಷ್ಮ ಪ್ರದೇಶಗಳ ಹೊರಗಿನ ಮಾರ್ಗಗಳನ್ನೂ ಹತ್ತು ವರ್ಷಗಳಿಗೊಮ್ಮೆಯಾದರೂ ಪರೀಕ್ಷಿಸಬೇಕೆಂಬ ನಿಯಮವು 2019ರಲ್ಲಿ ಮಾತ್ರವೇ ಬಂದಿತು.

ನಿಯಮವಿದ್ದೂ ಒಡೆದ ಕೊಳವೆ

ಆದರೆ ನಿಯಮವನ್ನು ಬರೆದ ಮಾತ್ರಕ್ಕೆ ಉಕ್ಕು ಗಟ್ಟಿಯಾಗುವುದಿಲ್ಲವೆಂಬುದಕ್ಕೆ ಮಿಷಿಗನ್ ಸಂಸ್ಥಾನದ ಮಾರ್ಷಲ್ ಎಂಬ ಊರಿನ ಸಂಗತಿಯು ಸಾಕ್ಷಿಯಾಗಿದೆ. ಅಲ್ಲಿ ಎನ್‌ಬ್ರಿಡ್ಜ್ ಕಂಪನಿಗೆ ಸೇರಿದ, 1969ರಲ್ಲಿ ಹಾಕಿದ 30 ಅಂಗುಲ ವ್ಯಾಸದ ಕಚ್ಚಾ ತೈಲದ ಕೊಳವೆಯು 2010ನೆಯ ಜುಲೈ 25ರ ಸಂಜೆ ಜೌಗುಭೂಮಿಯೊಂದರಲ್ಲಿ ಒಡೆಯಿತು. ಸೀಳಿನ ಉದ್ದವು ಆರೂವರೆ ಅಡಿಗಿಂತಲೂ ಹೆಚ್ಚು. ಬಹುದೂರದ ಕೆನಡಾ ದೇಶದ ಎಡ್ಮಂಟನ್ನಿನಲ್ಲಿದ್ದ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆಯ ಗಂಟೆಗಳು ಮತ್ತೆ ಮತ್ತೆ ಮೊಳಗಿದವು. ಅಲ್ಲಿನವರು ಅದನ್ನು ಕೊಳವೆಯೊಳಗಿನ ಟೊಳ್ಳಿನ ಪರಿಣಾಮವೆಂದು ಭಾವಿಸಿ, ಎರಡು ಬಾರಿ ಪಂಪುಗಳನ್ನು ಪುನಃ ಚಾಲನೆ ಮಾಡಿದರು. ಹೊರಬಿದ್ದ ತೈಲದಲ್ಲಿ ಹೆಚ್ಚು ಪಾಲು ಹೀಗೆ ಚಾಲನೆ ಮಾಡಿದ ಮೇಲೆಯೇ ಹರಿಯಿತು. ರಾತ್ರಿಯೇ ಊರಿನವರು ದುರ್ವಾಸನೆಯ ವಿಚಾರವಾಗಿ ದೂರು ಕೊಟ್ಟಿದ್ದರು. ಆದರೂ ಹದಿನೇಳು ಗಂಟೆಗಳು ಕಳೆದ ಬಳಿಕ, ಸ್ಥಳೀಯ ಅನಿಲ ಕಂಪನಿಯ ನೌಕರನೊಬ್ಬನು ತೈಲವನ್ನು ಕಣ್ಣಾರೆ ಕಂಡು ತಿಳಿಸಿದ ಮೇಲೆಯೇ ಕಂಪನಿಗೆ ನಿಜಸ್ಥಿತಿಯು ಅರಿವಾಯಿತು. ಅಷ್ಟರೊಳಗೆ ಸುಮಾರು 32 ಲಕ್ಷ ಲೀಟರ್ ತೈಲವು ಟಾಲ್ಮಡ್ಜ್ ಹಳ್ಳದ ಮೂಲಕ ಕಾಲಮಜೂ ನದಿಯನ್ನು ಸೇರಿತ್ತು. ಆ ತೈಲವು ಭಾರವಾದ ಜಾತಿಯದಾದುದರಿಂದ ಅದರಲ್ಲಿ ಒಂದು ಭಾಗವು ನದಿಯ ತಳಕ್ಕಿಳಿಯಿತು. ಅದನ್ನು ತೆಗೆಯುವ ಕೆಲಸವು 2014ರವರೆಗೂ ನಡೆಯಿತು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 2012ರಲ್ಲಿ ವಿಚಾರಣೆಯನ್ನು ಮುಗಿಸಿದಾಗ ಹೊರಬಿದ್ದ ಸಂಗತಿಯು ಇನ್ನೂ ಖೇದಕರವಾದದ್ದು. ಕೊಳವೆಯ ಹೊರಲೇಪವು ಕಿತ್ತುಬಂದು, ಅದರಡಿಯಲ್ಲಿ ತುಕ್ಕೂ ಬಿರುಕುಗಳೂ ಬೆಳೆದಿದ್ದವು. ಒಡೆದ ಆ ಭಾಗದಲ್ಲಿಯೇ ಬಿರುಕಿನಂತಹ ಆರು ಗುರುತುಗಳು 2005ರ ಪರೀಕ್ಷೆಯಲ್ಲಿ ಕಂಡುಬಂದಿದ್ದವು. ಅವು ಅಪಾಯಕರವಲ್ಲವೆಂದು ಲೆಕ್ಕಹಾಕಿದ ಕಂಪನಿಯು ಐದು ವರ್ಷಗಳವರೆಗೂ ಆ ಜಾಗವನ್ನು ಅಗೆದು ನೋಡಲಿಲ್ಲ. ಬಿರುಕುಗಳ ವಿಚಾರದಲ್ಲಿ ಸರ್ಕಾರದ ನಿಯಮವು ಸಡಿಲವಾಗಿದ್ದಿತೆಂದೂ, ಸರ್ಕಾರದ ಸುರಕ್ಷತಾ ಕಚೇರಿಯ ಮೇಲ್ವಿಚಾರಣೆಯು ಸಾಲದಾಗಿದ್ದಿತೆಂದೂ ಮಂಡಳಿಯು ಸ್ಪಷ್ಟವಾಗಿ ತಿಳಿಸಿತು. ಅದೇ ವರ್ಷ ಆ ಕಚೇರಿಯು ಕಂಪನಿಗೆ 37 ಲಕ್ಷ ಡಾಲರ್ ದಂಡ ವಿಧಿಸಿತು. 2016ರಲ್ಲಿ ದಂಡ ಮತ್ತು ಮುಂಜಾಗ್ರತೆಯ ಕೆಲಸಗಳು ಸೇರಿ 17 ಕೋಟಿ 70 ಲಕ್ಷ ಡಾಲರುಗಳ ಒಪ್ಪಂದವಾಯಿತು. ದಂಡದ ಹಣವು ಎಷ್ಟೇ ದೊಡ್ಡದಾಗಿರಲಿ, ಅದು ತೈಲವು ಹರಿದ ಮೇಲಿನ ಮಾತು. ಗುರುತು ಕಂಡ ವರ್ಷವೇ ಆ ಜಾಗವನ್ನು ಅಗೆಸಿ ನೋಡಿದ್ದಲ್ಲಿ ನದಿಯು ಉಳಿಯುತ್ತಿತ್ತು.

ರೈತರು ಅನುಸರಿಸಬೇಕಾದ ಕ್ರಮಗಳು

ತನಿಖಾಧಿಕಾರಿಗಳು ವರ್ಷಕ್ಕೆ ಕೆಲವು ದಿನ ಬರಬಹುದು. ಮಾರ್ಗವನ್ನು ಕಾಯುವ ಕಾವಲುಗಾರನು ನಡೆದುಹೋಗಬಹುದು. ಹೊಲದಲ್ಲಿ ಪ್ರತಿದಿನವೂ ಇರುವವನು ರೈತನೇ. ಆದುದರಿಂದ ಕೆಳಕಂಡ ಅಂಶಗಳನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು.

1. ಕೊಳವೆಯ ದಾರಿಯನ್ನು ತೋರಿಸುವ ಗುರುತಿನ ಕಂಬಗಳನ್ನು ಕೀಳಬಾರದು, ಅಲುಗಿಸಬಾರದು. ಅವುಗಳ ಮೇಲೆ ಬರೆದಿರುವ ದೂರವಾಣಿ ಸಂಖ್ಯೆಯನ್ನು ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

2. ಕೃಷಿಹೊಂಡ, ಬದು, ಕೊಳವೆಬಾವಿ, ಕಾಲುವೆ ಮುಂತಾದ ಯಾವುದೇ ಅಗೆತದ ಕೆಲಸವನ್ನು ಈ ಪಟ್ಟಿಯ ಸಮೀಪದಲ್ಲಿ ಕೈಗೊಳ್ಳುವ ಮೊದಲು ಸಂಸ್ಥೆಗೆ ತಿಳಿಸಿ, ಅವರು ಬಂದು ಸ್ಥಳವನ್ನು ತೋರಿಸಿದ ಮೇಲೆಯೇ ಯಂತ್ರವನ್ನು ಇಳಿಸತಕ್ಕದ್ದು. ಯಂತ್ರವು ಕೊಳವೆಗೆ ಸ್ವಲ್ಪ ತಗುಲಿದರೂ ಮುಚ್ಚಿಡದೆ ತಿಳಿಸಬೇಕು. ಬೆಲಿಂಗ್‌ಹ್ಯಾಮಿನ ಮೂವರ ಸಾವಿನ ಬೀಜವು ಅಂತಹುದೇ ಒಂದು ಗಾಯದಲ್ಲಿತ್ತು.

3. ದೊಡ್ಡ ಮಾರ್ಗಗಳಲ್ಲಿ ಸಾಗುವ ನೈಸರ್ಗಿಕ ಅನಿಲಕ್ಕೆ ಸಾಮಾನ್ಯವಾಗಿ ವಾಸನೆಯನ್ನು ಬೆರೆಸಿರುವುದಿಲ್ಲ. ವಾಸನೆಯಿಲ್ಲವೆಂದು ಸೋರಿಕೆಯಿಲ್ಲವೆಂದು ನಂಬಕೂಡದು. ಪೈರು ಒಂದು ಪಟ್ಟಿಯಲ್ಲಿ ಮಾತ್ರ ಕಾರಣವಿಲ್ಲದೆ ಒಣಗುವುದು, ಗದ್ದೆಯ ನೀರಿನಲ್ಲಿ ಗುಳ್ಳೆಗಳೇಳುವುದು, ನೆಲದಿಂದ ಬುಸುಗುಟ್ಟುವ ಶಬ್ದ, ನೀರಿನ ಮೇಲೆ ಎಣ್ಣೆಯ ಬಣ್ಣದ ಪದರ ಇವೆಲ್ಲವೂ ಸೋರಿಕೆಯ ಲಕ್ಷಣಗಳು.

4. ಅಂತಹ ಲಕ್ಷಣ ಕಂಡಲ್ಲಿ ಬೀಡಿ, ಬೆಂಕಿಕಡ್ಡಿ ಹಚ್ಚಬಾರದು. ಪಂಪ್‌ಸೆಟ್ಟಿನ ಗುಂಡಿಯನ್ನು ಒತ್ತಬಾರದು. ಟ್ರಾಕ್ಟರನ್ನು ಚಾಲನೆ ಮಾಡಬಾರದು. ಗಾಳಿ ಬೀಸಿಬರುವ ದಿಕ್ಕಿಗೆ ಜನರನ್ನೂ ದನಗಳನ್ನೂ ದೂರ ಸರಿಸಿ, ದೂರದಿಂದಲೇ ಸಂಸ್ಥೆಗೂ 112ಕ್ಕೂ ಕರೆಮಾಡಬೇಕು. ಕವಾಟಗಳನ್ನು ತಾವೇ ಮುಟ್ಟಬಾರದು.

5. ಮಳೆಗಾಲದ ನಂತರ ಕಂದಕದ ಮಣ್ಣು ಕುಸಿದು ಕೊಳವೆಯು ಹೊರಗೆ ಕಂಡಲ್ಲಿ, ಅಥವಾ ಕೊಳವೆಯ ಸಮೀಪದಲ್ಲಿ ಹೊಸ ಮನೆಗಳು ಏಳುತ್ತಿದ್ದಲ್ಲಿ, ಅದನ್ನು ಸಂಸ್ಥೆಗೂ ಗ್ರಾಮ ಪಂಚಾಯತಿಗೂ ಲಿಖಿತವಾಗಿ ತಿಳಿಸಿ, ಪ್ರತಿಯನ್ನು ಇಟ್ಟುಕೊಳ್ಳಬೇಕು.

ಕಡೆಯದಾಗಿ ಹೇಳತಕ್ಕದ್ದೇನೆಂದರೆ: ರೈತನು ದೂರು ಕೊಡುವುದು ಆತನ ಕರ್ತವ್ಯ, ಅದನ್ನು ಕೇಳಿ ಆ ದಿನವೇ ಸ್ಥಳಕ್ಕೆ ಬಂದು ನೋಡುವುದು ಸಂಸ್ಥೆಯ ಕರ್ತವ್ಯ, ಹಾಗೆ ನೋಡಿದರೇ ಇಲ್ಲವೇ ಎಂದು ವಿಚಾರಿಸುವುದು ಸರ್ಕಾರದ ಕರ್ತವ್ಯ. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ನಿಷ್ಫಲವಾಗುವುವು. ಹಿಂದೆ ಕೆರೆಯ ಏರಿಯು ಉಳಿದದ್ದು ನೀರಗಂಟಿಯು ಕಂಡದ್ದರಿಂದ ಮಾತ್ರವಲ್ಲ, ಆತನು ಕಂಡದ್ದನ್ನು ಊರಿನವರು ಕೇಳಿ, ಮಣ್ಣು ಹೊತ್ತು ತಂದುದರಿಂದ. ಹೊಲದಡಿಯ ಕೊಳವೆಗೂ ಇದೇ ನ್ಯಾಯವು ಅನ್ವಯಿಸುತ್ತದೆ.