ಎಂಟನೇ ತಿಂಗಳಲ್ಲಿ ಮತ್ತೆ ವಾಂತಿಯೇ? ಲಿವರ್ ಪರೀಕ್ಷೆ ಮಾಡಿಸಿ

ಬಸುರಿಗೆ ವಾಂತಿ, ವಾಕರಿಕೆ ಸಹಜ ಎನ್ನುತ್ತಾರೆ. ಈ ಮಾತು ನಿಜವೇ, ಆದರೆ ಮುಖ್ಯವಾಗಿ ಮೊದಲ ಮೂರು-ನಾಲ್ಕು ತಿಂಗಳಿಗೆ ಅನ್ವಯಿಸುವ ಮಾತು. ಆಮೇಲೆ ಬಹುಪಾಲು ಗರ್ಭಿಣಿಯರಿಗೆ ವಾಂತಿ ತಾನಾಗಿ ನಿಲ್ಲುತ್ತದೆ. ಸೀಮಂತ ಮುಗಿಸಿಕೊಂಡು ತವರಿಗೆ ಬಂದ ಮಗಳಿಗೆ ಎಂಟನೆಯ ಅಥವಾ ಒಂಬತ್ತನೆಯ ತಿಂಗಳಲ್ಲಿ ಹೊಸದಾಗಿ ವಾಂತಿ ಶುರುವಾದರೆ, ಊಟ ಸೇರದೆ ಸುಸ್ತಾಗಿ ಮಲಗಿಬಿಟ್ಟರೆ, ‘ಪಿತ್ತ ಹೆಚ್ಚಾಗಿದೆ’, ‘ಗ್ಯಾಸ್ ಇರಬೇಕು’ ಎಂದು ಸುಮ್ಮನಿರಬೇಡಿ. ಅಪರೂಪವಾದರೂ ಅದು ಪಿತ್ತಜನಕಾಂಗ, ಅಂದರೆ ಲಿವರ್, ಕೈಕೊಡುತ್ತಿರುವುದರ ಮೊದಲ ಸೂಚನೆ ಆಗಿರಬಹುದು.

ಲಿವರ್ ಕೆಲಸ ನಿಲ್ಲಿಸಿದರೆ

ರಕ್ತದಲ್ಲಿನ ಸಕ್ಕರೆ ಕುಸಿಯದಂತೆ ಕಾಯುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ತಯಾರಿಸುವುದು, ದೇಹದ ಕಲ್ಮಶಗಳನ್ನು ನಿವಾರಿಸುವುದು, ಇವೆಲ್ಲ ಲಿವರ್‌ನ ಕೆಲಸ. ಅದು ಹಠಾತ್ತನೆ ವಿಫಲವಾದರೆ ಕಣ್ಣು ಹಳದಿಯಾಗುತ್ತದೆ, ಸಕ್ಕರೆ ಇಳಿಯುತ್ತದೆ, ರಕ್ತಸ್ರಾವ ನಿಲ್ಲುವುದು ಕಷ್ಟವಾಗುತ್ತದೆ. ಕಲ್ಮಶಗಳು ಮಿದುಳನ್ನು ಬಾಧಿಸಿ ಮಂಪರು, ಗೊಂದಲದ ಮಾತು, ಕೊನೆಗೆ ಪ್ರಜ್ಞಾಹೀನತೆ ಉಂಟಾಗುತ್ತದೆ. ತಾಯಿಯ ಜೊತೆಗೆ ಮಗುವಿನ ಪ್ರಾಣಕ್ಕೂ ಅಪಾಯ.

ಮೂರು ಮುಖ್ಯ ಕಾರಣಗಳು

ಮೊದಲನೆಯದು, ಗರ್ಭಿಣಿಯರಿಗೆ ಮಾತ್ರ ಬರುವ ‘ತೀವ್ರ ಕೊಬ್ಬಿನ ಲಿವರ್’ ಕಾಯಿಲೆ. ಸುಮಾರು 7,000ದಿಂದ 20,000 ಬಸುರಿಗೆ ಒಬ್ಬರಲ್ಲಿ ಕಾಣಿಸುತ್ತದೆ. ಲಿವರ್‌ನ ಜೀವಕೋಶಗಳಲ್ಲಿ ಸಣ್ಣ ಸಣ್ಣ ಕೊಬ್ಬಿನ ಹನಿಗಳು ತುಂಬಿಕೊಂಡು ಅದರ ಕೆಲಸ ಕುಂಠಿತವಾಗುತ್ತದೆ. ತೂಕ ಹೆಚ್ಚಿದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಸಾಮಾನ್ಯವಾಗಿ ಕಾಣುವ ‘ಫ್ಯಾಟಿ ಲಿವರ್’ ಇದಲ್ಲ. ಚೊಚ್ಚಲ ಬಸುರಿನಲ್ಲಿ, ಅವಳಿ ಮಕ್ಕಳಿದ್ದಾಗ ಇದು ಹೆಚ್ಚು. ಕೆಲವು ಪ್ರಕರಣಗಳಲ್ಲಿ ಹೊಟ್ಟೆಯಲ್ಲಿರುವ ಮಗುವಿಗೆ ಕೊಬ್ಬನ್ನು ಅರಗಿಸುವ ಒಂದು ಕಿಣ್ವದ ಕೊರತೆ ಇರುತ್ತದೆ.

ಎರಡನೆಯದು ‘ಹೆಲ್ಪ್’ ಎಂಬ ಲಕ್ಷಣಕೂಟ. 1982ರಲ್ಲಿ ಅಮೆರಿಕದ ವೈದ್ಯ ಲೂಯಿ ವೈನ್‌ಸ್ಟೀನ್ ಇದಕ್ಕೆ ಈ ಹೆಸರಿಟ್ಟರು. ಗರ್ಭಿಣಿಯ ರಕ್ತದೊತ್ತಡದ ಕಾಯಿಲೆಯ ಉಗ್ರರೂಪ ಇದು. ಕೆಂಪು ರಕ್ತಕಣಗಳು ಒಡೆಯುತ್ತವೆ, ಲಿವರ್ ಕಿಣ್ವಗಳು ಏರುತ್ತವೆ, ಪ್ಲೇಟ್‌ಲೆಟ್‌ಗಳು ಇಳಿಯುತ್ತವೆ. ಹೊಟ್ಟೆಯ ಮೇಲ್ಭಾಗದಲ್ಲಿ, ಬಲಪಕ್ಕೆಯ ಕೆಳಗೆ ನೋವು, ತಲೆನೋವು, ಕಣ್ಣು ಮಂಜಾಗುವುದು ಇದರ ಲಕ್ಷಣ. ಬಿ.ಪಿ. ಸರಿಯಿದ್ದವರಲ್ಲೂ ಕೆಲವೊಮ್ಮೆ ಬರುತ್ತದೆ. ಹೆರಿಗೆಯಾದ ಮೊದಲ ಒಂದೆರಡು ದಿನಗಳಲ್ಲೂ ಕಾಣಿಸಿಕೊಳ್ಳಬಹುದು.

ಮೂರನೆಯದು ‘ಹೆಪಟೈಟಿಸ್ ಇ’. ಕೊಳಚೆ ಬೆರೆತ ನೀರಿನಿಂದ ಹರಡುವ ಈ ವೈರಸ್ ಕಾಮಾಲೆ ಬೇರೆಯವರಲ್ಲಿ ಬಹುಮಟ್ಟಿಗೆ ತಾನಾಗಿ ವಾಸಿಯಾಗುತ್ತದೆ. ಕೊನೆಯ ಮೂರು ತಿಂಗಳಲ್ಲಿರುವ ಗರ್ಭಿಣಿಯರಿಗೆ ಮಾತ್ರ ಇದು ಮಾರಕ. ಸೋಂಕಿನಿಂದ ಕಾಯಿಲೆ ಬಿದ್ದ ಇಂಥ ಗರ್ಭಿಣಿಯರಲ್ಲಿ ನೂರಕ್ಕೆ 20-25ರಷ್ಟು ಮಂದಿ ಸಾವಿಗೀಡಾಗಬಹುದು. 1955-56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಕೊಳಚೆ ಸೇರಿ ಸುಮಾರು 29,000 ಜನರಿಗೆ ಕಾಮಾಲೆ ಬಂದಿತ್ತು. ಅದು ಈ ಬಗೆಯ ಕಾಮಾಲೆಯೆಂದು ಬಹಳ ವರ್ಷಗಳ ನಂತರ ತಿಳಿಯಿತು. ಭಾರತದಲ್ಲಿ ಗರ್ಭಿಣಿಯರ ಲಿವರ್ ವೈಫಲ್ಯಕ್ಕೆ ಇಂದಿಗೂ ಇದೇ ಪ್ರಮುಖ ಕಾರಣ.

ಪರೀಕ್ಷೆಗಳು ಏನು ಹೇಳುತ್ತವೆ?

ಈ ಮೂರರ ಲಕ್ಷಣಗಳೂ ಒಂದರೊಳಗೊಂದು ಬೆರೆತಿರುವುದರಿಂದ ಬರೀ ಕಣ್ಣಿನ ಬಣ್ಣ ನೋಡಿ ನಿರ್ಧರಿಸಲಾಗದು. ಕೊಬ್ಬಿನ ಲಿವರ್ ಕಾಯಿಲೆಯಲ್ಲಂತೂ ಹಳದಿ ಬಣ್ಣ ಕಾಣುವ ಮೊದಲೇ ವಾಂತಿ, ಹೊಟ್ಟೆನೋವು, ಕೆಲವರಲ್ಲಿ ಅತಿಯಾದ ಬಾಯಾರಿಕೆ ಶುರುವಾಗಿರುತ್ತದೆ.

ರಕ್ತದ ವರದಿಯನ್ನು ಓದುವಾಗ ಒಂದು ವಿಷಯ ನೆನಪಿಡಬೇಕು. ಮಾಸು ತಾನೇ ತಯಾರಿಸುವ ಕಾರಣ ‘ಆಲ್ಕಲೈನ್ ಫಾಸ್ಫಟೇಸ್’ ಎಲ್ಲ ಗರ್ಭಿಣಿಯರಲ್ಲೂ ಏರಿರುತ್ತದೆ. ಅದಕ್ಕೆ ಗಾಬರಿ ಬೇಡ. ಆದರೆ ಎಸ್‌ಜಿಪಿಟಿ, ಎಸ್‌ಜಿಓಟಿ, ಬಿಲಿರುಬಿನ್ ಏರಿದ್ದರೆ ‘ಬಸುರಿನಲ್ಲಿ ಹೀಗೇ’ ಎನ್ನುವಂತಿಲ್ಲ. ಕಾರಣ ಹುಡುಕಲೇಬೇಕು.

ವೈರಸ್ ಕಾಮಾಲೆಯಲ್ಲಿ ಈ ಕಿಣ್ವಗಳು ಸಾಮಾನ್ಯವಾಗಿ ಸಾವಿರ ದಾಟುತ್ತವೆ. ರಕ್ತಪರೀಕ್ಷೆಯಿಂದ ವೈರಸ್ ಪತ್ತೆಯಾಗುತ್ತದೆ. ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿಳಿದು ಬಿ.ಪಿ. ಏರಿದ್ದರೆ, ಮೂತ್ರದಲ್ಲಿ ಪ್ರೋಟೀನ್ ಇದ್ದರೆ ‘ಹೆಲ್ಪ್’ ಎಂಬ ಶಂಕೆ ಬಲವಾಗುತ್ತದೆ. ಕಿಣ್ವಗಳು ಅಷ್ಟೇನೂ ಏರದೆ, ಸಕ್ಕರೆ ಇಳಿದು, ರಕ್ತ ಹೆಪ್ಪುಗಟ್ಟುವ ಅವಧಿ ಹೆಚ್ಚಿ, ಕ್ರಿಯಾಟಿನಿನ್ ಏರಿದ್ದರೆ ಕೊಬ್ಬಿನ ಲಿವರ್ ಕಾಯಿಲೆಯ ಅನುಮಾನ. ಇದನ್ನು ಗುರುತಿಸಲು ವೈದ್ಯರ ಬಳಿ ‘ಸ್ವಾನ್ಸಿ’ ಎಂಬ 14 ಅಂಶಗಳ ಪಟ್ಟಿಯಿದೆ. ಬೇರೆ ಕಾರಣ ಇಲ್ಲದಿರುವಾಗ 6 ಅಥವಾ ಹೆಚ್ಚು ಹೊಂದಿಕೆಯಾದರೆ ರೋಗ ಅದೇ ಎಂದು ತೀರ್ಮಾನಿಸಬಹುದು. ಸ್ಕ್ಯಾನಿಂಗ್‌ನಲ್ಲಿ ಲಿವರ್ ಸರಿಯಾಗಿಯೇ ಕಂಡಿತೆಂದು ನಿಶ್ಚಿಂತರಾಗುವಂತಿಲ್ಲ. ಲಿವರ್‌ನ ಚೂರು ತೆಗೆದು ಪರೀಕ್ಷಿಸುವುದು ರಕ್ತಸ್ರಾವದ ಭಯದಿಂದ ತೀರ ಅಪರೂಪ.

ಗುರುತಿಸುವುದು ಏಕೆ ಮುಖ್ಯ?

ಏಕೆಂದರೆ ಕಾರಣಕ್ಕೆ ತಕ್ಕಂತೆ ಚಿಕಿತ್ಸೆ ಬದಲಾಗುತ್ತದೆ. ಕೊಬ್ಬಿನ ಲಿವರ್ ಕಾಯಿಲೆಗೆ ಮಾತ್ರೆಯಿಲ್ಲ. ತಾಯಿಯ ಸ್ಥಿತಿಯನ್ನು ಸ್ಥಿರಗೊಳಿಸಿ ಬೇಗ ಹೆರಿಗೆ ಮಾಡಿಸುವುದೇ ಚಿಕಿತ್ಸೆ. ದಿನ ತುಂಬುವುದನ್ನು ಕಾಯುವಂತಿಲ್ಲ. ‘ಹೆಲ್ಪ್’ನಲ್ಲೂ ಬಹುಮಟ್ಟಿಗೆ ಇದೇ ಕ್ರಮ. ಹೆರಿಗೆಯಾದ ಕೆಲವು ದಿನಗಳಲ್ಲಿ ಹೆಚ್ಚಿನವರ ಲಿವರ್ ಚೇತರಿಸಿಕೊಳ್ಳುತ್ತದೆ. ಹೆಪಟೈಟಿಸ್ ಇ ಬಂದಾಗ ಮಾತ್ರ ಹೆರಿಗೆ ಮಾಡಿಸಿದ್ದರಿಂದಲೇ ಲಿವರ್ ಸುಧಾರಿಸುತ್ತದೆ ಎನ್ನಲಾಗದು; ಅಲ್ಲಿ ತೀವ್ರ ನಿಗಾ ಘಟಕದ ಆರೈಕೆಯೇ ಆಧಾರ. ಹಿಂದೆ ಕೊಬ್ಬಿನ ಲಿವರ್ ಕಾಯಿಲೆ ಬಂದ ತಾಯಂದಿರಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲ. ಇಂದು ಬೇಗ ಪತ್ತೆಯಾದರೆ ಹೆಚ್ಚಿನವರು ಬದುಕುತ್ತಾರೆ.

ಮನೆಯವರು ಮಾಡಬೇಕಾದದ್ದು

ಏಳನೇ ತಿಂಗಳ ನಂತರ ಹೊಸದಾಗಿ ವಾಂತಿ, ಮೇಲ್ಹೊಟ್ಟೆಯ ನೋವು, ವಿಪರೀತ ಸುಸ್ತು, ಕಣ್ಣು ಅಥವಾ ಮೂತ್ರ ಹಳದಿಯಾಗುವುದು ಕಂಡರೆ ಆ ದಿನವೇ ವೈದ್ಯರಿಗೆ ತೋರಿಸಿ. ಮೈ ನವೆ, ಅದರಲ್ಲೂ ಅಂಗೈ ಅಂಗಾಲುಗಳ ನವೆ, ಸಾಮಾನ್ಯವಾಗಿ ಲಿವರ್ ವೈಫಲ್ಯದ ಸೂಚನೆಯಲ್ಲ. ಪಿತ್ತರಸ ಸರಾಗವಾಗಿ ಹರಿಯದಿದ್ದಾಗ ಹೀಗಾಗುತ್ತದೆ. ಇದರಿಂದ ಮಗುವಿಗೆ ತೊಂದರೆಯಾಗಬಹುದಾದ್ದರಿಂದ ಅದನ್ನೂ ತಿಳಿಸಿ.

ಕಾಮಾಲೆಯೆಂದೊಡನೆ ನೆಲನೆಲ್ಲಿ ರಸ, ನಾಟಿ ಮದ್ದು, ಪಥ್ಯ ಎಂದು ಮೂರು ದಿನ ಕಳೆಯುವುದು ನಮ್ಮಲ್ಲಿ ಹಳೆಯ ರೂಢಿ. ತುಂಬು ಗರ್ಭಿಣಿಯ ವಿಷಯದಲ್ಲಿ ಆ ಮೂರು ದಿನಗಳೇ ಪ್ರಾಣ ತೆಗೆಯಬಹುದು. ಉಪವಾಸ, ಕಟ್ಟುಪಥ್ಯ ಇನ್ನೂ ಕೆಟ್ಟದ್ದು. ಮೊದಲೇ ಇಳಿಯುತ್ತಿರುವ ಸಕ್ಕರೆ ಮತ್ತಷ್ಟು ಇಳಿಯುತ್ತದೆ. ನೋವಿನ ಮಾತ್ರೆಯನ್ನು ನೀವೇ ಕೊಡಬೇಡಿ.

ಗರ್ಭಿಣಿ ಅತಿಯಾಗಿ ನಿದ್ರಿಸಿದರೆ, ತಡವರಿಸಿ ಮಾತಾಡಿದರೆ, ವಸಡಿನಲ್ಲಿ ರಕ್ತ ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ತಾಯಿ ಕಾರ್ಡ್ ಮತ್ತು ಹಿಂದಿನ ವರದಿಗಳನ್ನು ಜೊತೆಗಿಡಿ. ತೀವ್ರ ನಿಗಾ ಘಟಕ, ರಕ್ತನಿಧಿ, ನವಜಾತ ಶಿಶುವಿನ ಆರೈಕೆ ಮೂರೂ ಇರುವ ಆಸ್ಪತ್ರೆಗೆ ಸೇರಿಸಿದರೆ ಒಂದರಿಂದ ಇನ್ನೊಂದಕ್ಕೆ ಅಲೆದಾಡುವುದು ತಪ್ಪುತ್ತದೆ. ಕೊಬ್ಬಿನ ಲಿವರ್ ಕಾಯಿಲೆಯಾಗಿದ್ದರೆ ಹುಟ್ಟಿದ ಮಗುವಿಗೂ ಕಿಣ್ವದ ಪರೀಕ್ಷೆ ಬೇಕೇ ಎಂದು ಮಕ್ಕಳ ವೈದ್ಯರನ್ನು ಕೇಳಿ. ಮುಂದಿನ ಬಸುರಿಗೆ ಮೊದಲು ವೈದ್ಯರ ಸಲಹೆ ಪಡೆಯಿರಿ.

ಇನ್ನು ಹೆಪಟೈಟಿಸ್ ಇ ತಡೆಯುವುದು ಮನೆಯಲ್ಲೇ ಸಾಧ್ಯ. ಗರ್ಭಿಣಿಗೆ ಸದಾ ಕುದಿಸಿ ಆರಿಸಿದ ನೀರನ್ನೇ ಕೊಡಿ. ಊರಿನಲ್ಲಿ ಕಾಮಾಲೆಯ ಸುದ್ದಿಯಿದ್ದರೆ ಹೊರಗಿನ ಪಾನಕ, ಕತ್ತರಿಸಿಟ್ಟ ಹಣ್ಣು ಬೇಡವೇ ಬೇಡ.