ವಿಮಾನ ಕಂಪೆನಿಗಳ ಕೂಟವೂ ನಮ್ಮ ಪ್ರಯಾಣಿಕರೂ

ಪಾವಗಡದಿಂದ ಹೊರಟು ಮಧುಗಿರಿಯಲ್ಲಿ ಒಂದು ಬಸ್ಸನ್ನಿಳಿದು ಇನ್ನೊಂದನ್ನು ಹತ್ತತಕ್ಕವರಿಗೆ ಒಂದು ಸಂಗತಿಯು ಚೆನ್ನಾಗಿ ತಿಳಿದಿರುತ್ತದೆ. ಮೊದಲನೆಯ ಬಸ್ಸು ತಡವಾದರೆ ಎರಡನೆಯದು ಕಾಯುವುದಿಲ್ಲ. ಗಂಟುಮೂಟೆಗಳನ್ನು ತಾವೇ ಹೊರಬೇಕು. ಬಸ್ಸಿನವರಿಬ್ಬರೂ ತಮ್ಮ ತಮ್ಮ ಕೆಲಸವನ್ನು ಮಾಡಿರುತ್ತಾರೆ. ನಷ್ಟವು ಮಾತ್ರ ಪ್ರಯಾಣಿಕನದು. ಆಕಾಶಮಾರ್ಗದಲ್ಲಿಯೂ ನಡೆವಳಿಕೆಯು ಇದೇ ಬಗೆಯದು. ಆದರೆ ಅಲ್ಲಿ ನಷ್ಟವು ನೂರರಲ್ಲಲ್ಲ, ಲಕ್ಷದಲ್ಲಿ.

2008ನೆಯ ಇಸವಿ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಬೆಂಗಳೂರಿನ ಹೊಸ ವಿಮಾನ ನಿಲ್ದಾಣವು ತೆರೆದ ಮೇಲೆ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಜನರು ನಗರದೊಳಕ್ಕೆ ಹೋಗದೆಯೇ ದೊಡ್ಡಬಳ್ಳಾಪುರದ ಮಾರ್ಗವಾಗಿ ಅಲ್ಲಿಗೆ ಸೇರುವಂತಾಯಿತು. ಮಕ್ಕಳು ವಿದೇಶದಲ್ಲಿ ನೆಲೆಸಿರುವ ಮನೆಗಳಿಂದ ವಯಸ್ಸಾದ ತಾಯಂದಿರು ಮೊಮ್ಮಗುವಿನ ಬಾಣಂತನಕ್ಕೆಂದು ಒಂಟಿಯಾಗಿ ಹೊರಡುವುದು ಈಗ ಅಪೂರ್ವವಲ್ಲ. ದೇವನಹಳ್ಳಿಯವರೆಗೆ ನೆಂಟರಿಷ್ಟರು ಜೊತೆಗೆ ಬಂದಾರು. ಅಲ್ಲಿಂದಾಚೆಗೆ, ವಿಮಾನವನ್ನು ಬದಲಾಯಿಸುವ ಅಪರಿಚಿತ ಸ್ಥಳದಲ್ಲಿ, ಅವರಿಗೆ ಹೊಣೆಗಾರರು ಯಾರು? ‘ನಾವು’ ಎನ್ನುತ್ತವೆ ವಿಮಾನ ಕಂಪೆನಿಗಳ ಕೂಟಗಳು. ಆ ಮಾತು ಎಷ್ಟು ಮಟ್ಟಿಗೆ ದಿಟವೆಂಬುದನ್ನು ಗೃಹಸ್ಥರು ಟಿಕೀಟನ್ನು ಕೊಳ್ಳುವುದಕ್ಕೆ ಮೊದಲೇ ವಿಚಾರಮಾಡುವುದು ಮೇಲು.

ಕೂಟಗಳು ಹುಟ್ಟಿದುದಕ್ಕೆ ಕಾರಣವು ಸರಳವಾಗಿದೆ. ಯಾವ ಕಂಪೆನಿಯೂ ಲೋಕದ ಸಮಸ್ತ ಊರುಗಳಿಗೂ ತಾನೇ ಹಾರಲಾರದು. ಪರದೇಶದ ಎರಡು ಊರುಗಳ ನಡುವೆ ಜನರನ್ನು ಸಾಗಿಸುವುದಕ್ಕೆ ಆ ದೇಶದ ಸರ್ಕಾರವು ಸಾಮಾನ್ಯವಾಗಿ ಅನುಮತಿಯನ್ನು ಕೊಡುವುದೂ ಇಲ್ಲ. ಆದುದರಿಂದ ಒಬ್ಬರು ತಂದು ಬಿಟ್ಟ ಪ್ರಯಾಣಿಕನನ್ನು ಇನ್ನೊಬ್ಬರು ಮುಂದಕ್ಕೆ ಒಯ್ಯುವ ಏರ್ಪಾಡು ಬೇಕಾಯಿತು. 1997ರ ಮೇ 14ರಂದು ಲುಫ್ತಾನ್ಸ, ಯುನೈಟೆಡ್, ಏರ್ ಕೆನಡಾ, ಥಾಯ್ ಮತ್ತು ಸ್ಕ್ಯಾಂಡಿನೇವಿಯದ ಎಸ್‌ಎಎಸ್ ಎಂಬ ಐದು ಕಂಪೆನಿಗಳು ‘ಸ್ಟಾರ್ ಅಲಯನ್ಸ್’ ಎಂಬ ಕೂಟವನ್ನು ಕಟ್ಟಿದವು. 1999ರಲ್ಲಿ ‘ಒನ್‌ವರ್ಲ್ಡ್’ ಎಂಬುದೂ 2000ದಲ್ಲಿ ‘ಸ್ಕೈಟೀಮ್’ ಎಂಬುದೂ ಬಂದವು.

ನಮ್ಮ ದೇಶದಿಂದ ಇಂತಹ ಕೂಟವನ್ನು ಮೊದಲು ಸೇರಿದುದು ಏರ್ ಇಂಡಿಯಾ. ಅದಕ್ಕೆ 2007ರಲ್ಲಿಯೇ ಸ್ಟಾರ್ ಕೂಟದ ಆಹ್ವಾನವು ಬಂದಿದ್ದಿತು; 2011ರಲ್ಲಿ ಕೆಲಸವು ನಡುವೆಯೇ ನಿಂತಿತು; ಕಡೆಗೆ 2014ರ ಜುಲೈ 11ರಂದು ಸೇರ್ಪಡೆಯಾಯಿತು. ಅದರಿಂದ ಪ್ರಯಾಣಿಕನಿಗಾದ ಅನುಕೂಲಗಳು ಹುಸಿಯಲ್ಲ. ಏರ್ ಇಂಡಿಯಾದಲ್ಲಿ ಹೊರಟು ಮುಂದೆ ಕೂಟದ ಬೇರೊಂದು ಕಂಪೆನಿಯ ವಿಮಾನವನ್ನು ಹತ್ತುವವನು ಒಂದೇ ಟಿಕೀಟಿನಿಂದ ಹೋಗುವುದು ಸುಲಭವಾಯಿತು. ಪೆಟ್ಟಿಗೆಗೆ ಮೊದಲಲ್ಲಿಯೇ ಕೊನೆಯ ಊರಿನ ಚೀಟಿಯನ್ನು ಅಂಟಿಸುತ್ತಾರೆ. ಒಂದರಲ್ಲಿ ಗಳಿಸಿದ ‘ಮೈಲು’ಗಳನ್ನು ಇನ್ನೊಂದರಲ್ಲಿ ವೆಚ್ಚಮಾಡಬಹುದು. ಪದೇ ಪದೇ ಹಾರಿ ‘ಗೋಲ್ಡ್’ ದರ್ಜೆಯನ್ನು ಪಡೆದವರಿಗೆ ವಿಶ್ರಾಂತಿಗೃಹವೂ ಹೆಚ್ಚಿನ ಸಾಮಾನಿನ ಸವಲತ್ತೂ ಉಂಟು. ಆದರೆ ಜನ್ಮದಲ್ಲಿ ಎರಡು ಬಾರಿ ವಿಮಾನವೇರುವ ತಾಯಿಗೆ ಈ ದರ್ಜೆಯಿಂದ ಏನಾಗಬೇಕು? ಆಕೆಗೆ ಬೇಕಾದುದು ಹೊಣೆಯೊಂದೇ.

ಆ ಹೊಣೆಯು ಕೂಟದ ಲಾಂಛನದಿಂದ ಬರತಕ್ಕದ್ದಲ್ಲ, ಟಿಕೀಟಿನಿಂದ ಬರತಕ್ಕದ್ದು. ಇದೇ ಈ ವಿಷಯದಲ್ಲಿ ಮುಖ್ಯವಾಗಿ ತಿಳಿಯಬೇಕಾದ ಮಾತು. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಲುಫ್ತಾನ್ಸದಲ್ಲಿಯೂ ಅಲ್ಲಿಂದ ಅಮೆರಿಕಕ್ಕೆ ಯುನೈಟೆಡ್ಡಿನಲ್ಲಿಯೂ ಹೋಗುವುದೆಂದು ಇಟ್ಟುಕೊಳ್ಳಿ. ಎರಡೂ ಒಂದೇ ಟಿಕೀಟಿನಲ್ಲಿದ್ದು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ, ಬೇರೆ ವಿಮಾನದಲ್ಲಿ ಸ್ಥಳವನ್ನು ಒದಗಿಸುವುದು ಕಂಪೆನಿಗಳ ಕೆಲಸ. ಅಗ್ಗವೆಂದು ಎರಡು ಟಿಕೀಟುಗಳನ್ನು ಬೇರೆ ಬೇರೆಯಾಗಿ ಕೊಂಡಿದ್ದರೆ, ಎರಡು ಕಂಪೆನಿಗಳೂ ಒಂದೇ ಕೂಟದವಾಗಿದ್ದರೂ, ಆ ಸಂಬಂಧದ ಬಲದಿಂದಲೇ ಎರಡನೆಯ ಕಂಪೆನಿಯು ಹೊಸ ಸ್ಥಳವನ್ನು ಕೊಡಬೇಕಾದ ಕಟ್ಟಿಲ್ಲ.

ಕಾನೂನಿನ ದಾರಿಯೂ ಹೀಗೆಯೇ ಇದೆ. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತವು 2009ರಲ್ಲಿ ಸೇರಿತು. ಒಂದೇ ಪ್ರಯಾಣವೆಂದು ಗೊತ್ತುಮಾಡಿಕೊಂಡ ಸಾಗಣೆಯಲ್ಲಿ ಸಾಮಾನು ಕಳೆದರೆ, ಪ್ರಯಾಣಿಕನು ಮೊದಲನೆಯ ಕಂಪೆನಿಯನ್ನಾಗಲಿ, ಕೊನೆಯ ಕಂಪೆನಿಯನ್ನಾಗಲಿ, ಯಾರ ವಶದಲ್ಲಿದ್ದಾಗ ಕಳೆಯಿತೋ ಅವರನ್ನಾಗಲಿ ಕೇಳಬಹುದೆಂದು ಅದು ವಿಧಿಸುತ್ತದೆ. ಪೆಟ್ಟಿಗೆಗೆ ಪೆಟ್ಟಾಗಿದ್ದರೆ ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದರೆ 21 ದಿನಗಳೊಳಗೆ ಬರಹದಲ್ಲಿ ದೂರನ್ನು ಕೊಡತಕ್ಕದ್ದು. ಈ ಹಕ್ಕಿಗೆ ಕಂಪೆನಿಗಳು ಒಂದು ಕೂಟದವಾಗಿರಬೇಕೆಂಬ ನಿಯಮವೇನೂ ಇಲ್ಲ.

ಇನ್ನು ದರದ ಮಾತು. ಒಂದು ದಾರಿಯ ಎರಡು ತುಂಡುಗಳನ್ನು ಇಬ್ಬರು ಬೇರೆಯಾಗಿ ಮಾರಿದರೆ ಪ್ರತಿಯೊಬ್ಬರೂ ತಮ್ಮ ತುಂಡಿನ ಮೇಲೆ ಲಾಭವನ್ನಿಡುತ್ತಾರೆ. ಕೂಡಿ ಬೆಲೆಕಟ್ಟಿದರೆ ಇಡೀ ದಾರಿಗೆ ದರವು ತಗ್ಗುವುದುಂಟು. ಆದರೆ ಅದೇ ಎರಡು ಊರುಗಳ ನಡುವೆ ಪೈಪೋಟಿಯಿಂದ ಹಾರುತ್ತಿದ್ದವರು ಕೈಕೂಡಿಸಿದರೆ ದರವು ಏರುವ ಭಯವಿದೆ. ಈ ಕಾರಣದಿಂದಲೇ ಕೂಟಕ್ಕೆ ಸೇರಿದ ಮಾತ್ರಕ್ಕೆ ಕೂಡಿ ದರವನ್ನು ಗೊತ್ತುಮಾಡುವ ಅಧಿಕಾರವು ಬರುವುದಿಲ್ಲ. ಅಮೆರಿಕದಲ್ಲಿ ಅದಕ್ಕೆ ಸರ್ಕಾರದ ವಿಶೇಷ ವಿನಾಯಿತಿಯು ಬೇಕು. ಯುನೈಟೆಡ್ ಮತ್ತು ಲುಫ್ತಾನ್ಸಗಳು ಅದನ್ನು 1996ರಲ್ಲಿ ಪಡೆದವು.

ಹೊರಗುಳಿದ ಪ್ರತಿಸ್ಪರ್ಧಿಗಳು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಜೆಟ್ ಏರ್‌ವೇಸ್ 2013ರಲ್ಲಿ ತನ್ನ ಶೇಕಡ 24 ಪಾಲನ್ನು ಅಬುಧಾಬಿಯ ಎತಿಹಾದ್ ಕಂಪೆನಿಗೆ ಮಾರಿ ಆ ಆಸರೆಯನ್ನು ನಂಬಿತು. 2019ರ ಏಪ್ರಿಲಿನಲ್ಲಿ ಅದರ ಹಾರಾಟವು ನಿಂತಿತು. ಇಂಡಿಗೊ ಯಾವ ಕೂಟವನ್ನೂ ಸೇರದೆ, ಒಬ್ಬರ ವಿಮಾನದ ಸ್ಥಳಗಳನ್ನು ಇನ್ನೊಬ್ಬರು ತಮ್ಮ ಸಂಖ್ಯೆಯಿಂದ ಮಾರುವ ಒಪ್ಪಂದಗಳನ್ನು ಒಬ್ಬೊಬ್ಬರೊಡನೆ ಮಾಡಿಕೊಂಡಿತು. 2018ರಲ್ಲಿ ಅದು ಹಾಗೆ ಒಪ್ಪಂದಮಾಡಿಕೊಂಡ ಟರ್ಕಿಷ್ ಏರ್‌ಲೈನ್ಸ್ ಸ್ಟಾರ್ ಕೂಟದ್ದೇ ಆಗಿದ್ದಿತು! ಅದೇ ಕೂಟದ ಸಿಂಗಪುರ ಏರ್‌ಲೈನ್ಸ್ ಟಾಟಾ ಮನೆತನದವರೊಡನೆ ಸೇರಿ, 2015ರಲ್ಲಿ ಏರ್ ಇಂಡಿಯಾಕ್ಕೆ ಇದಿರಾಗಿ ವಿಸ್ತಾರಾ ಕಂಪೆನಿಯನ್ನು ನಡೆಸತೊಡಗಿತು. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾದವರ ಕೈಗೆ ಮರಳಿದ ಬಳಿಕ, 2024ರ ನವೆಂಬರಿನಲ್ಲಿ ವಿಸ್ತಾರಾ ಅದರಲ್ಲಿ ಲೀನವಾಯಿತು. ಇದನ್ನು ನೋಡಿದರೆ ಕೂಟವೆಂಬುದು ಒಟ್ಟು ಕುಟುಂಬವಲ್ಲ, ಸಂತೆಯ ಒಡಂಬಡಿಕೆ ಎಂದು ಹೇಳಬೇಕಾಗುತ್ತದೆ.

ಲಾಂಛನವು ಕಂಪೆನಿಯನ್ನು ಉಳಿಸುವುದೆಂಬುದೂ ಇಲ್ಲ. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ಒನ್‌ವರ್ಲ್ಡನ್ನು ಸೇರುವುದಕ್ಕೆ 2012ರ ಫೆಬ್ರವರಿ 10ನೆಯ ದಿನವು ಗೊತ್ತಾಗಿದ್ದಿತು. ಅದಕ್ಕೆ ಕೆಲವೇ ದಿನ ಮುಂಚೆ ಹಣದ ಮುಗ್ಗಟ್ಟಿನಿಂದ ಸೇರ್ಪಡೆಯು ನಿಂತಿತು; ಅದೇ ಅಕ್ಟೋಬರಿನಲ್ಲಿ ಹಾರಾಟವೇ ನಿಂತಿತು. ಸ್ಟಾರ್ ಕೂಟವನ್ನು ಕಟ್ಟಿದ ಐವರಲ್ಲೊಂದಾದ ಎಸ್‌ಎಎಸ್ 2024ರಲ್ಲಿ ಅದನ್ನು ಬಿಟ್ಟು ಸ್ಕೈಟೀಮನ್ನು ಸೇರಿತು. ಮೈಲುಗಳನ್ನು ಕೂಡಿಡುವವರು ಇದನ್ನು ನೆನಪಿನಲ್ಲಿಡಬೇಕು.

ಆದಕಾರಣ ಮನೆಯವರನ್ನು ದೂರಕ್ಕೆ ಕಳುಹಿಸುವಾಗ ವಿಚಾರಿಸತಕ್ಕ ಪ್ರಶ್ನೆಗಳು ಮೂರು. ಊರಿಂದೂರಿಗೆ ಟಿಕೀಟು ಒಂದೇ ಆಗಿದೆಯೇ? ಪೆಟ್ಟಿಗೆಯ ಚೀಟಿಯು ಯಾವ ಊರಿನವರೆಗೆ ಇದೆ? ಟಿಕೀಟಿನ ಮೇಲೆ ಹೆಸರಿರುವವರೇ ವಿಮಾನವನ್ನು ಹಾರಿಸುವರೋ, ಬೇರೆಯವರೋ? ಅಮೆರಿಕಕ್ಕೆ ಹೋಗುವವರಾದರೆ ಇನ್ನೊಂದು ಮಾತನ್ನೂ ತಿಳಿಸಿ ಕಳುಹಿಸಬೇಕು: ಚೀಟಿಯಲ್ಲಿ ಕೊನೆಯ ಊರಿನ ಹೆಸರಿದ್ದರೂ, ಆ ದೇಶದಲ್ಲಿ ಮೊದಲು ಇಳಿದ ನಿಲ್ದಾಣದಲ್ಲಿ ಪೆಟ್ಟಿಗೆಯನ್ನು ತೆಗೆದುಕೊಂಡು, ಸುಂಕದವರ ಮುಂದೆ ಹಾದು, ಮತ್ತೆ ಒಪ್ಪಿಸುವುದು ಅಲ್ಲಿನ ಸಾಮಾನ್ಯ ನಿಯಮ. ಇದು ತಿಳಿಯದೆ ಮುಂದಿನ ವಿಮಾನದತ್ತ ನೇರವಾಗಿ ನಡೆದವರ ಪೆಟ್ಟಿಗೆಯು ಹಿಂದೆಯೇ ಉಳಿದೀತು.

ಒಂದೇ ಟಿಕೀಟಿಗೆ ಕೆಲವು ಸಾವಿರ ರೂಪಾಯಿಗಳು ಹೆಚ್ಚಾಗಬಹುದು. ಇಂಗ್ಲಿಷು ಬಾರದ, ಮೊಣಕಾಲು ನೋವಿನ ಹಿರಿಯರೊಬ್ಬರು ಪರದೇಶದ ನಿಲ್ದಾಣದಲ್ಲಿ ನಿಂತು ತಮ್ಮ ಕೈಯಲ್ಲಿರುವ ಕಾಗದವನ್ನು ತೋರಿಸಿದಾಗ, ‘ಇವರು ನಮ್ಮ ಪ್ರಯಾಣಿಕರು’ ಎಂದು ಒಪ್ಪಿಕೊಳ್ಳುವವರು ಇರಬೇಕು. ಆ ಹೆಚ್ಚಿನ ಹಣವು ಅದಕ್ಕೆ ಕೊಟ್ಟ ಬೆಲೆ.